ಕೃಪೆಗೆ ಬೆಲೆಯಿಲ್ಲ, ಗುರಿಯಿದೆ

ರಕ್ಷಣೆ ದೇವರ ಕೃಪೆಯಿಂದ ಉಚಿತವಾಗಿ ದೊರೆಯುತ್ತದೆ. ನಂಬಿದವನಿಗೆ ಅದು ಖಚಿತ. ಆಮೇಲೆ ಅವನು ಹೇಗೆ ಬದುಕುತ್ತಾನೆ ಎಂಬುದು ನಡತೆಯ ಪ್ರಶ್ನೆಯೇ ಹೊರತು ರಕ್ಷಣೆಯ ಪ್ರಶ್ನೆಯಲ್ಲ. ಕ್ರೈಸ್ತ ಸಭೆಗಳ ಒಳಗೆ ಹಲವರು ಹೀಗೆ ನಂಬಿದ್ದಾರೆ. ಕ್ರೈಸ್ತ ಧರ್ಮ ಬೋಧಿಸುವುದು ಇದನ್ನೇ ಎಂದು ಹೊರಗಿನವರಲ್ಲೂ ಹಲವರು ತಿಳಿದಿದ್ದಾರೆ. ಒಳಗಿನವರಿಗೆ ಇದು ನೆಮ್ಮದಿಯ ಮಾತು. ಹೊರಗಿನವರಿಗೆ ಇದೇ ದೊಡ್ಡ ಆಕ್ಷೇಪ: ಬದುಕಿಡೀ ಪರರನ್ನು ಹಿಂಸಿಸಿದವನು ಕೊನೆಗಳಿಗೆಯಲ್ಲಿ ನಂಬಿದೆನೆಂದರೆ ಸಾಕು ಎನ್ನುವ ಧರ್ಮದಲ್ಲಿ ನೀತಿಗೆ ಏನು ಜಾಗ ಎಂದು ಅವರು ಕೇಳುತ್ತಾರೆ. ಈ ಎರಡಕ್ಕೂ ಹೆದರಿದ ಮೂರನೆಯ ಪಂಗಡವೊಂದಿದೆ. ಕೃಪೆ ಬಾಗಿಲು ತೆರೆಯುತ್ತದೆ ಅಷ್ಟೆ, ಒಳಗೆ ಉಳಿಯಬೇಕಾದರೆ ನಮ್ಮ ಪರಿಶುದ್ಧ ನಡತೆಯಿಂದಲೇ ಅರ್ಹತೆ ಸಂಪಾದಿಸಬೇಕು ಎಂಬುದು ಅವರ ವಾದ. ಮೂರೂ ಪಕ್ಷಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಆದರೆ ಮೂರರ ತಳದಲ್ಲೂ ಒಂದೇ ಊಹೆ ಇದೆ: ಕೃಪೆಯೂ ಪರಿಶುದ್ಧ ಜೀವನವೂ ಒಂದೇ ಲೆಕ್ಕದ ಎರಡು ಪಾಲುಗಳು, ಒಂದನ್ನು ಹೆಚ್ಚಿಸಿದರೆ ಇನ್ನೊಂದು ತಗ್ಗಲೇಬೇಕು. ಈ ಊಹೆಯೇ ತಪ್ಪು ಎಂಬುದನ್ನು ಇಲ್ಲಿ ತೋರಿಸಬೇಕಾಗಿದೆ. ಕೃಪೆಗೆ ಬೆಲೆ ಇಲ್ಲ ಎಂಬುದು ಎಷ್ಟು ನಿಜವೋ ಅದಕ್ಕೆ ಒಂದು ಗುರಿ ಇದೆ ಎಂಬುದೂ ಅಷ್ಟೇ ನಿಜ, ಆ ಗುರಿ ಪರಿಶುದ್ಧ ಬದುಕೇ.

ಮೊದಲ ಪಕ್ಷದ ಬಲವನ್ನು ಕಡಿಮೆ ಮಾಡಿ ಹೇಳಿದರೆ ಅನ್ಯಾಯವಾಗುತ್ತದೆ. ಹೊಸ ಒಡಂಬಡಿಕೆಯಲ್ಲಿ ಅದಕ್ಕೆ ಗಟ್ಟಿ ಆಧಾರಗಳಿವೆ. ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ದೇವರ ಮುಂದೆ ನೀತಿವಂತರೆನಿಸಲಾರರು ಎಂದು ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವಾದಿಸುತ್ತಾನೆ. ರಕ್ಷಣೆ ದೇವರ ವರ, ಯಾರೂ ಹೆಚ್ಚಳಪಡದ ಹಾಗೆ ಅದು ಕ್ರಿಯೆಗಳಿಂದ ಉಂಟಾದದ್ದಲ್ಲ ಎಂಬ ವಿಚಾರ ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿದೆ. ಯೇಸು ಹೇಳಿದ ಸಾಮ್ಯಗಳೂ ಇದೇ ದಿಕ್ಕಿನವು. ದ್ರಾಕ್ಷೇತೋಟದ ಯಜಮಾನನು ಸಂಜೆಯ ಹೊತ್ತಿಗೆ ಬಂದ ಆಳಿಗೂ ಪೂರ್ತಿ ಕೂಲಿ ಕೊಡುತ್ತಾನೆ. ಆಸ್ತಿ ಹಾಳುಮಾಡಿ ಹಿಂದಿರುಗಿದ ಮಗನ ಬಳಿಗೆ ತಂದೆಯೇ ಓಡಿಹೋಗುತ್ತಾನೆ. ತನ್ನ ಪುಣ್ಯಕಾರ್ಯಗಳ ಪಟ್ಟಿ ಒಪ್ಪಿಸಿದ ಫರಿಸಾಯನಿಗಿಂತ ತಲೆ ತಗ್ಗಿಸಿ ಕರುಣೆ ಬೇಡಿದ ಸುಂಕದವನೇ ನೀತಿವಂತನಾಗಿ ಮನೆಗೆ ಹೋಗುತ್ತಾನೆ. ಈ ಬೋಧನೆಯ ಹಿಂದೆ ಮನುಷ್ಯನ ನಿಜವಾದ ಸಂಕಟವೂ ಇದೆ. ತಾನು ಮಾಡಿದ್ದು ಎಂದಾದರೂ ಸಾಕಾದೀತೇ ಎಂಬ ಭಯ ಮನಸ್ಸನ್ನು ಹಿಂಡುತ್ತದೆ. ಮಾರ್ಟಿನ್ ಲೂಥರ್ ಮಠದಲ್ಲಿ ಉಪವಾಸ, ಜಾಗರಣೆ, ಪಾಪನಿವೇದನೆಗಳಲ್ಲಿ ದೇಹ ಸವೆಸಿದರೂ ಶಾಂತಿ ಕಾಣದೆ ಹೋದದ್ದು ಈ ಭಯದಿಂದಲೇ. 1517ರ ಅಕ್ಟೋಬರ್‌ನಲ್ಲಿ ವಿಟೆನ್‌ಬರ್ಗ್‌ನಿಂದ ಹೊರಟ ಅವನ 95 ವಾದಗಳು ಪಾಪದ ದಂಡನೆಯ ವಿನಾಯಿತಿಯನ್ನು ಹಣಕ್ಕೆ ಹಂಚುವ ಪದ್ಧತಿಯನ್ನು ಪ್ರಶ್ನಿಸಿದವು. ದೇವರ ಪ್ರೀತಿಯನ್ನು ಕೊಳ್ಳಲಾಗದು ಎಂಬ ಈ ಸತ್ಯವನ್ನು ಸಡಿಲಿಸಿದರೆ ಸುವಾರ್ತೆ ಸುವಾರ್ತೆಯಾಗಿ ಉಳಿಯುವುದಿಲ್ಲ. ಆದ್ದರಿಂದ ಪರಿಶುದ್ಧ ಜೀವನಕ್ಕೆ ಜಾಗ ಮಾಡಿಕೊಡಲು ಕೃಪೆಯನ್ನು ತುಸು ಕುಗ್ಗಿಸುವ ಯಾವ ಉಪಾಯವೂ ಪರಿಹಾರವಾಗಲಾರದು.

ಹಾಗಾದರೆ ಮೊದಲ ಪಕ್ಷ ಎಡವುವುದೆಲ್ಲಿ? ಕೃಪೆಯ ಬಗ್ಗೆ ಅದು ಹೇಳುವುದು ಸರಿ. ರಕ್ಷಣೆಯನ್ನು ಅರ್ಥಮಾಡಿಕೊಂಡ ರೀತಿಯಲ್ಲಿ ಅದು ಎಡವುತ್ತದೆ. ರಕ್ಷಣೆಯೆಂದರೆ ಶಿಕ್ಷೆಯಿಂದ ತಪ್ಪಿಸಿಕೊಳ್ಳುವುದು, ಇಷ್ಟೇ ಎಂದು ಅದು ಹಿಡಿದಿದೆ. ನ್ಯಾಯಾಲಯದ ಚಿತ್ರವೊಂದೇ ಕಣ್ಣಮುಂದಿದ್ದರೆ ಹಾಗೆ ತೋರುವುದು ಸಹಜ: ಅಪರಾಧಿಗೆ ಬಿಡುಗಡೆಯ ತೀರ್ಪು ಸಿಕ್ಕಿತು, ಮನೆಗೆ ಹೋದ ಮೇಲೆ ಅವನು ಏನು ಮಾಡುತ್ತಾನೋ ಅದು ಆ ತೀರ್ಪಿಗೆ ಸಂಬಂಧಿಸಿದ್ದಲ್ಲ. ಪೌಲನು ನ್ಯಾಯಾಲಯದ ಭಾಷೆಯನ್ನು ಬಳಸುತ್ತಾನೆ ನಿಜ. ಅದರ ಪಕ್ಕದಲ್ಲೇ ದಾಸ್ಯದಿಂದ ಬಿಡುಗಡೆ, ಮಕ್ಕಳಾಗಿ ದತ್ತು ಸ್ವೀಕಾರ, ಕ್ರಿಸ್ತನೊಂದಿಗೆ ಸಾವು ಮತ್ತು ಎದ್ದುಬರುವಿಕೆ, ಹೊಸ ಸೃಷ್ಟಿ ಎಂಬ ಚಿತ್ರಗಳನ್ನೂ ಇಡುತ್ತಾನೆ. ಇವೆಲ್ಲ ಮನುಷ್ಯನ ಸ್ಥಿತಿಯೇ ಬದಲಾಗುವುದನ್ನು ಹೇಳುತ್ತವೆ. ಮತ್ತಾಯನ ಸುವಾರ್ತೆ ತೊಡಗುವಾಗಲೇ ಯೇಸು ಎಂಬ ಹೆಸರಿಗೆ ಕೊಡುವ ಕಾರಣ, ಆತನು ತನ್ನ ಜನರನ್ನು ಅವರ ಪಾಪಗಳಿಂದ ಬಿಡಿಸುವನು ಎಂಬುದು. ಪಾಪದ ದಂಡನೆಯ ಮಾತು ಅಲ್ಲಿಲ್ಲ, ಪಾಪದಿಂದಲೇ ಬಿಡುಗಡೆಯ ಮಾತಿದೆ. ಹೀಗೆ ಅರ್ಥಮಾಡಿಕೊಂಡರೆ ಪಾಪದಲ್ಲಿ ಹಾಯಾಗಿ ಇದ್ದುಕೊಂಡೇ ರಕ್ಷಣೆ ಹೊಂದಬಹುದೇ ಎಂಬ ಪ್ರಶ್ನೆ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಯಾವುದರಿಂದ ಬಿಡುಗಡೆಯೋ ಅದರಲ್ಲೇ ಉಳಿಯುವ ಹಕ್ಕನ್ನು ಬಿಡುಗಡೆಯ ಹೆಸರಿನಲ್ಲಿ ಕೇಳಿದಂತಾಗುತ್ತದೆ.

ಪೌಲನಿಗೆ ಈ ಪ್ರಶ್ನೆ ಗೊತ್ತಿತ್ತು. ಪಾಪ ಹೆಚ್ಚಿದಲ್ಲಿ ಕೃಪೆ ಇನ್ನೂ ಹೆಚ್ಚಿತು ಎಂದು ರೋಮಾಪುರದವರಿಗೆ ಬರೆದ ಕೂಡಲೇ, ಹಾಗಾದರೆ ಕೃಪೆ ಹೆಚ್ಚಲೆಂದು ಪಾಪದಲ್ಲೇ ಉಳಿಯೋಣವೇ ಎಂಬ ಆಕ್ಷೇಪವನ್ನು ಆರನೆಯ ಅಧ್ಯಾಯದ ಆರಂಭದಲ್ಲಿ ತಾನೇ ಎತ್ತುತ್ತಾನೆ. ಅವನು ಕೊಡುವ ಉತ್ತರದ ತರ್ಕ ಗಮನಿಸತಕ್ಕದ್ದು. ಹಾಗೆ ಮಾಡಿದರೆ ಕೃಪೆ ಕೈತಪ್ಪೀತು ಎಂದು ಅವನು ಬೆದರಿಸುವುದಿಲ್ಲ. ಕೃಪೆಯ ಜೊತೆಗೆ ಇಷ್ಟು ಸತ್ಕ್ರಿಯೆಯನ್ನೂ ಸೇರಿಸಿರಿ ಎಂದು ಷರತ್ತು ಹಾಕುವುದೂ ಇಲ್ಲ. ದೀಕ್ಷಾಸ್ನಾನದಲ್ಲಿ ನೀವು ಕ್ರಿಸ್ತನ ಮರಣದಲ್ಲಿ ಪಾಲುಗಾರರಾಗಿ ಪಾಪಕ್ಕೆ ಸತ್ತವರಾದಿರಿ, ಸತ್ತದ್ದರಲ್ಲಿ ಬದುಕುವುದು ಹೇಗೆ ಎಂದು ಕೇಳುತ್ತಾನೆ. ಎಫೆಸದವರ ಪತ್ರಿಕೆಯಲ್ಲೂ ಇದೇ ಕ್ರಮ. ಕ್ರಿಯೆಗಳಿಂದಲ್ಲ ಎಂದು ಹೇಳಿದ ಮರುವಾಕ್ಯದಲ್ಲೇ, ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿಯೇ ನಾವು ಕ್ರಿಸ್ತನಲ್ಲಿ ಸೃಷ್ಟಿಸಲ್ಪಟ್ಟವರು ಎಂಬ ಮಾತು ಬರುತ್ತದೆ. ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಬಿಟ್ಟುಬಿಡುವ ರೂಢಿಯೇ ಅರ್ಧ ಗೊಂದಲಕ್ಕೆ ಕಾರಣ. ತೀತನಿಗೆ ಬರೆದ ಪತ್ರಿಕೆಯಂತೂ ಕೃಪೆಯನ್ನೇ ಶಿಕ್ಷಕನ ಸ್ಥಾನದಲ್ಲಿ ನಿಲ್ಲಿಸುತ್ತದೆ; ಭಕ್ತಿಹೀನತೆಯನ್ನು ಬಿಟ್ಟು ಸ್ವಸ್ಥಚಿತ್ತರಾಗಿ, ನ್ಯಾಯವಂತರಾಗಿ ಬದುಕುವುದನ್ನು ಕೃಪೆಯೇ ನಮಗೆ ಕಲಿಸುತ್ತದೆ ಎಂಬುದು ಅಲ್ಲಿನ ಬೋಧನೆ.

ಕಲಿಕೆಯ ಈ ಚಿತ್ರವನ್ನೇ ಸ್ವಲ್ಪ ಮುಂದುವರಿಸಿದರೆ ವಿಷಯ ತಿಳಿಯಾಗುತ್ತದೆ. ಒಬ್ಬ ಗುರು ಒಂದು ಕಾಸೂ ಪಡೆಯದೆ ಒಬ್ಬನಿಗೆ ಅಕ್ಷರ ಕಲಿಸಿದ ಎನ್ನೋಣ. ಶಿಷ್ಯ ಈಗ ಓದುತ್ತಾನೆ. ಆ ಓದು ಗುರುವಿಗೆ ಸಲ್ಲಿಸಿದ ಶುಲ್ಕವಲ್ಲ. ಶುಲ್ಕವನ್ನು ಕೇಳಿರಲೇ ಇಲ್ಲ. ಕಲಿಸುವ ಮುಂಚೆ ಪೂರೈಸಬೇಕಾಗಿದ್ದ ಅರ್ಹತೆಯೂ ಅಲ್ಲ; ಓದು ಬಾರದ್ದರಿಂದಲೇ ಅವನು ಬಂದದ್ದು. ಆದರೂ ಒಂದಕ್ಷರವನ್ನೂ ಓದಲಾರದ, ಓದುವ ಇಷ್ಟವೂ ಇಲ್ಲದ ಒಬ್ಬನು ನನಗೆ ಅಕ್ಷರ ಕಲಿಸಿಯಾಗಿದೆ ಎಂದರೆ ಆ ಮಾತಿಗೆ ಅರ್ಥವಿಲ್ಲ. ಪರಿಶುದ್ಧ ಜೀವನ ರಕ್ಷಣೆಗೆ ಅಗತ್ಯವೇ ಎಂಬ ಚರ್ಚೆ ಶತಮಾನಗಳಿಂದ ಸುತ್ತಿದಲ್ಲೇ ಸುತ್ತುತ್ತಿರುವುದಕ್ಕೆ ಕಾರಣ, ಅಗತ್ಯ ಎಂಬುದರಲ್ಲಿ ಮೂರು ಬಗೆಗಳಿರುವುದನ್ನು ಬೇರ್ಪಡಿಸದೆ ಇರುವುದು:

1. ಬೆಲೆಯಾಗಿ ಅಗತ್ಯ. ಇಂತಿಷ್ಟು ಒಳ್ಳೆಯದನ್ನು ಮಾಡಿದರೆ ದೇವರು ಅದಕ್ಕೆ ಬದಲಾಗಿ ರಕ್ಷಣೆ ಕೊಡುತ್ತಾನೆ ಎಂಬ ಅರ್ಥ. ಈ ಅರ್ಥದಲ್ಲಿ ಪರಿಶುದ್ಧ ಜೀವನ ಅಗತ್ಯವಲ್ಲ, ಅಗತ್ಯವೆಂದರೆ ಕೃಪೆಯನ್ನು ಅಲ್ಲಗಳೆದಂತೆ.

2. ಪೂರ್ವಾರ್ಹತೆಯಾಗಿ ಅಗತ್ಯ. ಮೊದಲು ಶುದ್ಧನಾಗು, ಆಮೇಲೆ ದೇವರ ಬಳಿಗೆ ಬಾ ಎಂಬ ಅರ್ಥ. ಇದೂ ಸಲ್ಲದು. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನು ಎಂಬುದು ಪೌಲನ ವಾದದ ತಿರುಳು.

3. ಸ್ವರೂಪವಾಗಿ ಅಗತ್ಯ. ಕೊಟ್ಟ ವರ ಯಾವುದೋ ಅದರ ಸ್ವರೂಪದಲ್ಲೇ ಹೊಸ ಬದುಕು ಸೇರಿದೆ ಎಂಬ ಅರ್ಥ. ಈ ಅರ್ಥದಲ್ಲಿ ಅದು ಅಗತ್ಯ. ಪರಿಶುದ್ಧತೆಯಿಲ್ಲದೆ ಯಾರೂ ಕರ್ತನನ್ನು ಕಾಣಲಾರರು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಎಚ್ಚರಿಸುವುದು ಈ ನೆಲೆಯಲ್ಲೇ.

ಈ ವಿಂಗಡಣೆ ಇಂದು ಹೊಸದಾಗಿ ಹೊಳೆದದ್ದೇನೂ ಅಲ್ಲ. ಲೂಥರ್‌ನಿಂದ ತೊಡಗಿದ ಸುಧಾರಣಾ ಚಳವಳಿಯ ಮೊದಲ ತಲೆಮಾರೇ ಇದನ್ನು ಕಷ್ಟಪಟ್ಟು ಕಲಿಯಬೇಕಾಯಿತು. ಲೂಥರ್‌ನ ಒಡನಾಡಿಯಾಗಿದ್ದ ಯೋಹಾನ್ ಅಗ್ರಿಕೋಲಾ, ಸುವಾರ್ತೆಯೊಂದೇ ಸಾಕು, ವಿಶ್ವಾಸಿಗಳಿಗೆ ಧರ್ಮಶಾಸ್ತ್ರವನ್ನು ಬೋಧಿಸುವುದು ಬೇಡ ಎಂದು ವಾದಿಸಿದಾಗ ಅವನನ್ನು ಎದುರಿಸಿದವನು ಸ್ವತಃ ಲೂಥರ್. 1537ರಿಂದ ವಾದಗಳನ್ನು ಹೂಡಿ, 1539ರಲ್ಲಿ ಅದರ ವಿರುದ್ಧ ಪುಸ್ತಿಕೆಯನ್ನೇ ಪ್ರಕಟಿಸಿದ. ಲೂಥರ್ ತೀರಿಕೊಂಡ ಮೇಲೆ ಜಗಳ ಇನ್ನೊಂದು ರೂಪ ತಾಳಿತು. ಸತ್ಕ್ರಿಯೆಗಳು ರಕ್ಷಣೆಗೆ ಅಗತ್ಯ ಎಂದು ಗೇಯೋರ್ಗ್ ಮಾಯೋರ್ 1552ರಲ್ಲಿ ಸಾರಿದ. ಅದನ್ನು ಅಲ್ಲಗಳೆಯುವ ಆವೇಶದಲ್ಲಿ ನಿಕೊಲಾಸ್ ಫಾನ್ ಆಮ್ಸ್‌ಡೋರ್ಫ್ ಸತ್ಕ್ರಿಯೆಗಳು ರಕ್ಷಣೆಗೆ ಹಾನಿಕರ ಎನ್ನುವವರೆಗೂ ಹೋದ. 1577ರಲ್ಲಿ ಸಿದ್ಧವಾದ ಲೂಥರನ್ ಒಮ್ಮತದ ಸೂತ್ರ ಇಬ್ಬರನ್ನೂ ತಳ್ಳಿಹಾಕಿತು: ಸತ್ಕ್ರಿಯೆಗಳು ರಕ್ಷಣೆಯ ಕಾರಣವಲ್ಲ, ಆದರೂ ನಂಬಿದವನ ಬದುಕಿನಲ್ಲಿ ಅವು ಇರಲೇಬೇಕಾದವು, ಅವನ್ನು ನೆಚ್ಚಿ ಕೂರುವುದು ಹಾನಿಕರವೇ ಹೊರತು ಅವೇ ಹಾನಿಕರವಲ್ಲ. ಜಾನ್ ಕ್ಯಾಲ್ವಿನ್ ತನ್ನ ಮುಖ್ಯ ಗ್ರಂಥದ 1559ರ ಕೊನೆಯ ಪರಿಷ್ಕರಣದಲ್ಲಿ, ವಿಶ್ವಾಸದಿಂದ ನೀತಿವಂತರೆನಿಸುವುದನ್ನು ವಿವರಿಸುವ ಮುಂಚೆಯೇ ಬದುಕಿನ ನವೀಕರಣವನ್ನು ಸುದೀರ್ಘವಾಗಿ ಚರ್ಚಿಸಿದ. ಕ್ರಿಸ್ತನನ್ನು ಹೊಂದುವವನು ಎರಡನ್ನೂ ಒಟ್ಟಿಗೇ ಹೊಂದುತ್ತಾನೆ, ಒಂದನ್ನು ಹರಿದು ತೆಗೆದರೆ ಕ್ರಿಸ್ತನನ್ನೇ ಹರಿದಂತೆ ಎಂಬುದು ಅವನ ನಿಲುವು. ಎದುರು ಪಾಳೆಯವಾದ ಕಥೋಲಿಕ ಸಭೆಯಲ್ಲಿ, 1547ರಲ್ಲಿ ಟ್ರೆಂಟ್ ಮಹಾಸಭೆ ಈ ವಿಷಯದ ಮೇಲೆ ಹೊರಡಿಸಿದ ಮೊಟ್ಟಮೊದಲ ನಿಯಮವೇ, ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ಮನುಷ್ಯ ನೀತಿವಂತನಾಗಬಲ್ಲ ಎಂಬ ಮತವನ್ನು ಖಂಡಿಸಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನರೂ ಜಂಟಿ ಘೋಷಣೆಗೆ ಸಹಿ ಹಾಕಿ, ನಮ್ಮ ಯೋಗ್ಯತೆಯಿಂದಲ್ಲದೆ ಕೃಪೆಯಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಅದರೊಂದಿಗೆ ಪವಿತ್ರಾತ್ಮನನ್ನು ಕೊಟ್ಟು ಸತ್ಕ್ರಿಯೆಗಳಿಗೆ ಸಿದ್ಧಗೊಳಿಸುತ್ತಾನೆ ಎಂದು ಒಪ್ಪಿದರು. ಮೆಥೊಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟ 2017ರಲ್ಲಿ ಇದಕ್ಕೆ ದನಿಗೂಡಿಸಿದವು. ಇವರ ನಡುವಿನ ಭಿನ್ನಾಭಿಪ್ರಾಯಗಳೆಲ್ಲ ಇದರಿಂದ ಕರಗಿಹೋಗಿಲ್ಲ. ಆದರೆ ಕೃಪೆ ಅಥವಾ ಪರಿಶುದ್ಧತೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂಬ ಮಾತನ್ನು ಈ ಪರಂಪರೆಗಳಲ್ಲಿ ಯಾವುದೂ ತನ್ನ ಅಧಿಕೃತ ಬೋಧನೆಯಲ್ಲಿ ಒಪ್ಪಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ಇಲ್ಲಿ ಒಂದು ತೊಡಕನ್ನು ಬಿಡಿಸಬೇಕು. ಯಾಕೋಬನ ಪತ್ರಿಕೆ ಪೌಲನಿಗೆ ನೇರ ವಿರುದ್ಧವಾಗಿದೆಯಲ್ಲವೇ? ಮನುಷ್ಯ ಬರೀ ವಿಶ್ವಾಸದಿಂದಲ್ಲ, ಕ್ರಿಯೆಗಳಿಂದ ನೀತಿವಂತನೆನಿಸುತ್ತಾನೆ ಎಂದು ಅದು ಸಾರುತ್ತದೆ, ಅದಕ್ಕೆ ಪೌಲನು ಬಳಸಿದ ಅಬ್ರಹಾಮನನ್ನೇ ಉದಾಹರಣೆಯಾಗಿ ಕೊಡುತ್ತದೆ. 1522ರ ಮುನ್ನುಡಿಯಲ್ಲಿ ಲೂಥರ್ ಈ ಪತ್ರಿಕೆಯ ಬೆಲೆಯನ್ನು ತೀರ ತಗ್ಗಿಸಿ ಮಾತಾಡಿದ್ದ; ನಂತರದ ಮುದ್ರಣಗಳಲ್ಲಿ ಆ ಮಾತನ್ನು ಕೈಬಿಡಲಾಯಿತು. ಇಬ್ಬರೂ ಅಬ್ರಹಾಮನ ಬದುಕಿನ ಯಾವ ಘಟ್ಟವನ್ನು ಎತ್ತಿಕೊಳ್ಳುತ್ತಾರೆಂದು ನೋಡಿದರೆ ವಿರೋಧ ಸಡಿಲವಾಗುತ್ತದೆ. ಪೌಲನು ಆದಿಕಾಂಡದ 15ನೇ ಅಧ್ಯಾಯಕ್ಕೆ ಹೋಗುತ್ತಾನೆ; ಅಲ್ಲಿ ಅಬ್ರಹಾಮನು ಇನ್ನೂ ಏನನ್ನೂ ಸಾಧಿಸಿಲ್ಲ, ಮಕ್ಕಳಿಲ್ಲದ ಮುದುಕ ದೇವರ ವಾಗ್ದಾನವನ್ನು ನಂಬುತ್ತಾನೆ ಅಷ್ಟೆ. ಯಾಕೋಬನು 22ನೇ ಅಧ್ಯಾಯಕ್ಕೆ ಹೋಗುತ್ತಾನೆ; ವರ್ಷಗಳ ಬಳಿಕ ಅದೇ ನಂಬಿಕೆ ಮಗ ಇಸಾಕನ ವಿಷಯದಲ್ಲಿ ಪರೀಕ್ಷೆಗೆ ಬಿದ್ದು ಕ್ರಿಯೆಯಲ್ಲಿ ಪೂರ್ಣಗೊಳ್ಳುತ್ತದೆ. ಇಬ್ಬರ ಎದುರಾಳಿಗಳೂ ಬೇರೆ. ದೇವರನ್ನು ಸಾಲಗಾರನನ್ನಾಗಿ ಮಾಡಿಕೊಳ್ಳಬಯಸುವವನ ಜೊತೆ ಪೌಲನ ವಾದ. ದೇವರೊಬ್ಬನೇ ಎಂದು ಒಪ್ಪಿದರೆ ಸಾಕು, ಬಟ್ಟೆಯಿಲ್ಲದೆ ಹಸಿದು ನಿಂತ ಸಹೋದರನಿಗೆ ಒಳ್ಳೆಯ ಮಾತು ಹೇಳಿ ಕಳಿಸಬಹುದು ಎನ್ನುವವನ ಜೊತೆ ಯಾಕೋಬನ ವಾದ. ಅಂಥ ಒಪ್ಪಿಗೆ ದೆವ್ವಗಳಿಗೂ ಇದೆ ಎಂದು ಯಾಕೋಬನು ಹೇಳುತ್ತಾನೆ. ಪೌಲನು ವಿಶ್ವಾಸವೆಂದು ಕರೆದದ್ದು ಆ ಒಪ್ಪಿಗೆಯನ್ನಲ್ಲ. ಪ್ರೀತಿಯ ಮೂಲಕ ಕೆಲಸ ಮಾಡುವ ವಿಶ್ವಾಸಕ್ಕೇ ಬೆಲೆ ಎಂದು ಗಲಾತ್ಯದವರಿಗೆ ಬರೆದವನು ಪೌಲನೇ.

ಎಲ್ಲರೂ ಎತ್ತುವ ಆಕ್ಷೇಪ ಶಿಲುಬೆಯ ಮೇಲಿನ ಕಳ್ಳನದು. ಅವನು ಒಂದೂ ಸತ್ಕ್ರಿಯೆ ಮಾಡದೆ, ಒಂದು ದಿನವೂ ಪರಿಶುದ್ಧವಾಗಿ ಬದುಕದೆ ಪರದೈಸನ್ನು ಪಡೆದನಲ್ಲ? ಲೂಕನ ಸುವಾರ್ತೆಯನ್ನು ನಿಧಾನವಾಗಿ ಓದಿದರೆ ಅವನು ಸುಮ್ಮನಿರಲಿಲ್ಲ ಎಂದು ಕಾಣುತ್ತದೆ. ಜೊತೆಯ ಅಪರಾಧಿಯ ನಿಂದೆಯನ್ನು ತಡೆದ, ತನಗಾದ ದಂಡನೆ ನ್ಯಾಯವೆಂದು ಒಪ್ಪಿದ, ಅಧಿಕಾರಿಗಳೂ ಜನರೂ ಅಣಕಿಸುತ್ತಿದ್ದ ಗಳಿಗೆಯಲ್ಲಿ ಪಕ್ಕದವನು ನಿರಪರಾಧಿ ಎಂದು ಬಹಿರಂಗವಾಗಿ ನುಡಿದ, ತನ್ನನ್ನು ಅವನ ಕೈಗೆ ಒಪ್ಪಿಸಿದ. ಕೈಕಾಲಿಗೆ ಮೊಳೆ ಬಡಿಸಿಕೊಂಡವನಿಗೆ ಉಳಿದಿದ್ದದ್ದು ನಾಲಗೆಯೊಂದೇ, ಆ ನಾಲಗೆ ಬದಲಾಗಿತ್ತು. ಅವನಿಗೆ ಇಲ್ಲದಿದ್ದದ್ದು ಸಮಯ, ಪರಿವರ್ತನೆ ಇತ್ತು. ಸಮಯವಿಲ್ಲದವನಿಗೆ ದೊರೆತ ಕರುಣೆಯನ್ನು ಹಿಡಿದು, ಸಮಯವಿದ್ದೂ ಬದಲಾಗಲೊಲ್ಲದವನಿಗೆ ಪರವಾನಗಿ ಬರೆದುಕೊಡಲಾಗದು. ಕೊನೆಗಳಿಗೆಯಲ್ಲಿ ನಂಬಿದರಾಯಿತೆಂದು ಇಂದು ಬೇಕೆಂದೇ ಕೆಡುಕು ಮಾಡುವವನು ಕಳ್ಳನ ಹಾದಿಯಲ್ಲಿ ನಡೆಯುತ್ತಿಲ್ಲ, ಏಕೆಂದರೆ ಕಳ್ಳನು ಶಿಲುಬೆಯ ಮೇಲೆ ಅಂಥ ಲೆಕ್ಕಾಚಾರವನ್ನೇ ಬಿಟ್ಟುಕೊಟ್ಟಿದ್ದ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಎಲ್ಲವೂ ಕೃಪೆಯ ಕೆಲಸವಾದರೆ ಮನುಷ್ಯನ ಪ್ರಯತ್ನಕ್ಕೆ ಅರ್ಥವೇನು? ಐದನೇ ಶತಮಾನದ ಆರಂಭದಲ್ಲಿ ಬ್ರಿಟನ್ ಮೂಲದ ಪೆಲಾಜಿಯಸ್ ಕೇಳಿದ್ದು ಇದನ್ನೇ. ರೋಮ್‌ನ ಕ್ರೈಸ್ತರ ಸಡಿಲ ಬದುಕನ್ನು ಕಂಡು ನೊಂದ ಅವನಿಗೆ, ನೀನು ಆಜ್ಞಾಪಿಸುವುದನ್ನು ನೀನೇ ದಯಪಾಲಿಸು ಎಂಬ ಅರ್ಥದ ಅಗಸ್ಟೀನನ ಪ್ರಾರ್ಥನೆ ಸೋಮಾರಿತನಕ್ಕೆ ಆಸರೆ ಕೊಟ್ಟಂತೆ ಕಂಡಿತು. ಅವನ ಕಳಕಳಿ ಪ್ರಾಮಾಣಿಕವಾಗಿತ್ತು. ಆದರೆ ಅವನು ಹಿಡಿದ ಪರಿಹಾರ, ಮನುಷ್ಯ ತನ್ನ ಸ್ವಂತ ಸಂಕಲ್ಪದಿಂದಲೇ ಪಾಪರಹಿತನಾಗಿ ಬಾಳಬಲ್ಲ ಎಂಬುದು, ಕುಡಿತಕ್ಕೋ ದ್ವೇಷಕ್ಕೋ ದುರಾಸೆಗೋ ಸಿಕ್ಕಿದವನ ಸಂಕಲ್ಪವೇ ಮುರಿದಿರುತ್ತದೆ ಎಂಬ ವಾಸ್ತವವನ್ನು ಎಣಿಕೆಗೇ ತೆಗೆದುಕೊಳ್ಳಲಿಲ್ಲ. 418ರಲ್ಲಿ ಕಾರ್ತೇಜ್ ಸಭೆಯೂ 431ರಲ್ಲಿ ಎಫೆಸ ಮಹಾಸಭೆಯೂ ಅವನ ಪಂಥವನ್ನು ತಿರಸ್ಕರಿಸಿದವು. ಅಗಸ್ಟೀನನ ಪ್ರಕಾರ ಕೃಪೆ ಮನುಷ್ಯನ ಇಚ್ಛೆಯನ್ನು ಬದಿಗೆ ತಳ್ಳಿ ಅದರ ಜಾಗದಲ್ಲಿ ತಾನು ಕೂರುವುದಿಲ್ಲ, ಕಾಯಿಲೆ ಬಿದ್ದ ಇಚ್ಛೆಯನ್ನು ವಾಸಿಮಾಡುತ್ತದೆ. ವಾಸಿಯಾದ ಇಚ್ಛೆ ಮೊದಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಫಿಲಿಪ್ಪಿಯವರಿಗೆ ಬರೆಯುವಾಗ ಪೌಲನು ಭಯದಿಂದ ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ ಎಂಬ ಅರ್ಥದಲ್ಲಿ ಹೇಳಿ, ಅದಕ್ಕೆ ಕೊಡುವ ಕಾರಣ, ನಿಮ್ಮೊಳಗೆ ಇಚ್ಛೆಯನ್ನೂ ಕ್ರಿಯೆಯನ್ನೂ ಉಂಟುಮಾಡುವವನು ದೇವರೇ ಎಂಬುದು. ಪಾಲು ಹಂಚಿಕೆಯ ಲೆಕ್ಕದಲ್ಲಿ ಇದು ಅಸಂಬದ್ಧ: ದೇವರೇ ಮಾಡುವುದಾದರೆ ನಾವು ಮಾಡುವುದೇನು? ಪೌಲನ ಲೆಕ್ಕ ಬೇರೆ. ದೇವರು ಕೆಲಸ ಮಾಡುತ್ತಿರುವುದರಿಂದಲೇ ನಮ್ಮ ಕೆಲಸ ವ್ಯರ್ಥವಾಗುವುದಿಲ್ಲ.

ಮೂರನೆಯದು ಸೂಕ್ಷ್ಮ ಮನಸ್ಸಿನವರ ಆತಂಕ. ಪರಿಶುದ್ಧ ಬದುಕು ರಕ್ಷಣೆಯ ಸ್ವರೂಪದಲ್ಲೇ ಸೇರಿದೆ ಎಂದಾದರೆ, ದಿನವೂ ಎಡವುವ ನಮಗೆ ಭರವಸೆ ಎಲ್ಲಿಂದ? ಹಿಂದೆ ಲೂಥರನನ್ನು ಹಿಂಡಿದ ಭಯವೇ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುವುದಿಲ್ಲವೇ? ಪರಿಶುದ್ಧತೆಯನ್ನು ಪ್ರಮಾಣವಾಗಿ ಎಣಿಸಿದರೆ ಖಂಡಿತ ಬರುತ್ತದೆ, ಏಕೆಂದರೆ ಇಷ್ಟಾದರೆ ಸಾಕು ಎಂಬ ಗೆರೆ ಎಲ್ಲೂ ಇಲ್ಲ. ಹೊಸ ಒಡಂಬಡಿಕೆ ಅದನ್ನು ದಿಕ್ಕಾಗಿ ನೋಡುತ್ತದೆ. ತನ್ನಲ್ಲಿ ಪಾಪವೇ ಇಲ್ಲವೆನ್ನುವವನು ತನ್ನನ್ನು ವಂಚಿಸಿಕೊಳ್ಳುತ್ತಾನೆ ಎಂದೂ, ದೇವರಿಂದ ಹುಟ್ಟಿದವನು ಪಾಪವನ್ನು ರೂಢಿಮಾಡಿಕೊಂಡು ಬದುಕಲಾರನು ಎಂದೂ ಯೋಹಾನನ ಮೊದಲ ಪತ್ರಿಕೆ ಒಂದೇ ಉಸಿರಿನಲ್ಲಿ ಹೇಳಬಲ್ಲದು. ಪಾಪಕ್ಕೆ ಬಿದ್ದು ಅದರೊಡನೆ ಹೆಣಗಾಡುವುದು ಬೇರೆ, ಪಾಪದೊಡನೆ ರಾಜಿ ಮಾಡಿಕೊಂಡು ಅದಕ್ಕೆ ಕೃಪೆಯ ಮುದ್ರೆ ಒತ್ತುವುದು ಬೇರೆ. ಮೂರು ಸಲ ಯೇಸುವನ್ನು ಅರಿಯೆನೆಂದ ಪೇತ್ರನು ಅತ್ತು ಹಿಂದಿರುಗಿದ, ಅವನಿಗೆ ಮಂದೆಯನ್ನು ಮೇಯಿಸುವ ಹೊಣೆ ಮತ್ತೆ ಸಿಕ್ಕಿತು. ಭರವಸೆಯ ಆಧಾರ ಕ್ರಿಸ್ತನೇ, ನಮ್ಮ ಪ್ರಗತಿಯ ಅಳತೆಯಲ್ಲ. ಆ ಹೆಣಗಾಟವಾದರೋ ಒಳಗೆ ಜೀವ ಇದೆಯೆಂಬುದರ ಗುರುತು.

ಇನ್ನು ಇತಿಹಾಸ ಮುಂದಿಡುವ ಆಕ್ಷೇಪ, ಎಲ್ಲಕ್ಕಿಂತ ಕಹಿಯಾದದ್ದು. ಕೃಪೆ ಬದುಕನ್ನು ಬದಲಿಸುತ್ತದೆ ಎನ್ನುವುದಾದರೆ ಕೃಪೆಯನ್ನು ಕೊಂಡಾಡಿದವರೇ ಕ್ರೂರರಾಗಿದ್ದದ್ದು ಹೇಗೆ? ಕೃಪೆಯನ್ನು ಕುರಿತ ಜಗತ್ಪ್ರಸಿದ್ಧ ಇಂಗ್ಲಿಷ್ ಕೀರ್ತನೆಯನ್ನು ಬರೆದ ಜಾನ್ ನ್ಯೂಟನ್ 1748ರಲ್ಲಿ ಸಮುದ್ರದ ಬಿರುಗಾಳಿಯ ನಡುವೆ ದೇವರ ಕಡೆಗೆ ತಿರುಗಿದ. ಆದರೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲೇ ದುಡಿದ, ಕಪ್ತಾನನೂ ಆದ, ನಾವಿಕರೊಂದಿಗೆ ಆರಾಧನೆ ನಡೆಸುತ್ತಿದ್ದ ಹಡಗಿನ ತಳದಲ್ಲೇ ಸರಪಳಿಯ ಮನುಷ್ಯರನ್ನು ಒಯ್ದ. 1788ರಲ್ಲಿ ಮಾತ್ರ ಆ ವ್ಯಾಪಾರದ ಘೋರವನ್ನು ಬಯಲುಮಾಡುವ ಪುಸ್ತಿಕೆ ಪ್ರಕಟಿಸಿ ತನ್ನ ಪಾಲನ್ನು ಒಪ್ಪಿಕೊಂಡ. ಆ ಮೊದಲ ವರ್ಷಗಳಲ್ಲಿ ತಾನು ಪೂರ್ಣಾರ್ಥದಲ್ಲಿ ವಿಶ್ವಾಸಿಯಾಗಿದ್ದೆನೆಂದು ಹೇಳಲಾರೆ ಎಂದೂ ಅವನು ಬರೆದಿದ್ದಾನೆ. ನಮ್ಮ ನಾಡಿನ ಲೆಕ್ಕವೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕೃಪೆಯನ್ನೇ ಸಾರಿದವರು, ದೀಕ್ಷಾಸ್ನಾನ ಪಡೆದವರು ಸಭೆಯೊಳಗೆ ಜಾತಿಭೇದವನ್ನು ಬಿಡಬೇಕೆಂದು ಪಟ್ಟುಹಿಡಿದವರು. ಹಾಗಿದ್ದೂ ದಕ್ಷಿಣ ಭಾರತದ ಹಲವು ಸಭೆಗಳಲ್ಲಿ ಜಾತಿ ಉಳಿದುಕೊಂಡು ಬಂತು, ಕೆಲವೆಡೆ ದಲಿತ ಕ್ರೈಸ್ತರಿಗೆ ಸ್ಮಶಾನವೂ ಬೇರೆಯಾಯಿತು. ಇದನ್ನು ಮುಚ್ಚಿಡುವುದರಿಂದ ಕೃಪೆಯ ಗೌರವ ಹೆಚ್ಚುವುದಿಲ್ಲ. ಈ ಸಂಗತಿಗಳು ಎರಡು ಪಾಠ ಹೇಳುತ್ತವೆ. ಒಂದು, ಕೃಪೆ ಹೊಂದಿದ್ದೇನೆ ಎಂಬ ಹೇಳಿಕೆಯೇ ಕೃಪೆಯಲ್ಲ. ಕರ್ತನೇ ಕರ್ತನೇ ಎಂದು ಕರೆಯುವವರೆಲ್ಲ ಪರಲೋಕರಾಜ್ಯವನ್ನು ಸೇರರು ಎಂದು ಎಚ್ಚರಿಸಿದವನು ಯೇಸುವೇ. ಎರಡು, ಪರಿಶುದ್ಧತೆಯನ್ನು ಕುಡಿಯದಿರುವುದು, ಜೂಜಾಡದಿರುವುದು, ಭಾನುವಾರ ತಪ್ಪಿಸದಿರುವುದು ಎಂಬಷ್ಟಕ್ಕೆ ಕಿರಿದು ಮಾಡಿಕೊಂಡರೆ, ಕಣ್ಣೆದುರಿನ ದೊಡ್ಡ ಅನ್ಯಾಯವನ್ನು ಪಾಪವೆಂದು ಗುರುತಿಸುವ ಶಕ್ತಿಯೇ ಹೋಗುತ್ತದೆ. ಹಿಟ್ಲರನ ಜರ್ಮನಿಯಲ್ಲಿ ಡೀಟ್ರಿಕ್ ಬಾನ್‌ಹಾಫರ್ 1937ರ ತನ್ನ ಪುಸ್ತಕದಲ್ಲಿ ಅಗ್ಗದ ಕೃಪೆಯನ್ನು ಸಭೆಯ ಮಾರಕ ಶತ್ರುವೆಂದು ಕಂಡದ್ದು ಇದಕ್ಕೇ. ಕೃಪೆಯೇ ಎಲ್ಲವನ್ನೂ ಮಾಡಿತು ಎಂಬುದು ಕ್ರಿಸ್ತನನ್ನು ಹಿಂಬಾಲಿಸಿ ಸವೆದವನ ಬಾಯಲ್ಲಿ ಸತ್ಯ. ಹಿಂಬಾಲಿಸದೆ ಇರಲು ಅದನ್ನೇ ಮೊದಲ ಸೂತ್ರವಾಗಿ ಇಟ್ಟುಕೊಂಡವನ ಬಾಯಲ್ಲಿ ಅದು ಆತ್ಮವಂಚನೆ. ಬಾನ್‌ಹಾಫರನನ್ನು ನಾಜಿಗಳು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು.

ಪರಿಶುದ್ಧ ಜೀವನ ಬೆಲೆಯಲ್ಲ ಎಂದಮೇಲೆ ಅದಕ್ಕೆ ಪ್ರೇರಣೆ ಏನು ಎಂಬ ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ಈ ಬೋಧನೆಯ ನಿಜವಾದ ಹಿರಿಮೆ ಹೊರಬೀಳುತ್ತದೆ. ರಕ್ಷಣೆಗಾಗಿ ಒಳ್ಳೆಯದನ್ನು ಮಾಡುವವನು ಬಡವನಿಗೆ ಅನ್ನವಿಕ್ಕುವಾಗಲೂ ಅವನ ಒಂದು ಕಣ್ಣು ತನ್ನ ಪುಣ್ಯದ ಖಾತೆಯ ಮೇಲಿರುತ್ತದೆ. ಆ ಬಡವ ಅವನ ಮೋಕ್ಷಕ್ಕೆ ಸಾಧನವಾಗುತ್ತಾನೆ. ಶಿಕ್ಷೆಯ ಭಯದಿಂದ ಕೆಡುಕನ್ನು ಬಿಟ್ಟವನು ಕೆಡುಕನ್ನು ದ್ವೇಷಿಸಿದ್ದಾನೆಂದು ಹೇಳಲಾಗದು, ಶಿಕ್ಷೆಯನ್ನು ದ್ವೇಷಿಸಿದ್ದಾನೆ ಅಷ್ಟೆ. ದೇವರ ಮುಂದೆ ತನ್ನ ಸ್ಥಾನ ಈಗಾಗಲೇ ಭದ್ರವಾಗಿದೆ ಎಂದು ತಿಳಿದವನೊಬ್ಬನಿಗೆ ಮಾತ್ರ ನೆರೆಯವನನ್ನು ನೆರೆಯವನಿಗಾಗಿಯೇ ಪ್ರೀತಿಸಲು ಬಿಡುವು ಇದೆ. ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು 1520ರಲ್ಲಿ ಬರೆದ ಪುಸ್ತಕದಲ್ಲಿ ಲೂಥರ್ ಹಿಡಿದ ಎಳೆ ಇದೇ: ವಿಶ್ವಾಸದಿಂದ ಯಾರಿಗೂ ಅಡಿಯಾಳಲ್ಲದವನು ಪ್ರೀತಿಯಿಂದ ಎಲ್ಲರ ಸೇವಕನಾಗುತ್ತಾನೆ. ಹೀಗೆ ನೋಡಿದರೆ ಕೃಪೆ ನೀತಿಯನ್ನು ದುರ್ಬಲಗೊಳಿಸುತ್ತದೆ ಎಂಬ ಹೊರಗಿನವರ ಆಕ್ಷೇಪ ತಲೆಕೆಳಗಾಗುತ್ತದೆ. ವ್ಯಾಪಾರದ ಸೋಂಕಿಲ್ಲದ ನೀತಿ ಸಾಧ್ಯವಾಗುವುದೇ ಕೃಪೆಯಿಂದ.

ಆ ಆಕ್ಷೇಪದ ಇನ್ನೊಂದು ಅಂಶಕ್ಕೆ ಉತ್ತರ ಬಾಕಿಯಿದೆ: ಅಪರಾಧಿಗೆ ಕ್ಷಮೆ ಸಿಕ್ಕಿತು ಸರಿ, ಅವನಿಂದ ನೊಂದವರ ಗತಿಯೇನು? ಇದಕ್ಕೆ ಯೆರಿಕೋವಿನ ಜಕ್ಕಾಯನ ಪ್ರಸಂಗವೇ ತಕ್ಕ ಉತ್ತರ. ಸುಂಕದವರ ಮುಖ್ಯಸ್ಥನಾಗಿ ಜನರನ್ನು ಸುಲಿದಿದ್ದ ಅವನ ಮನೆಗೆ ಯೇಸು ತಾನಾಗಿಯೇ ಹೋದನು; ಯಾವ ಷರತ್ತೂ ಮುಂದಿಡಲಿಲ್ಲ. ಕೃಪೆ ಮೊದಲು ಬಂತು. ಆಮೇಲೆ ಜಕ್ಕಾಯನು ಎದ್ದುನಿಂತು ಆಸ್ತಿಯ ಅರ್ಧವನ್ನು ಬಡವರಿಗೂ, ಮೋಸದಿಂದ ಕಿತ್ತುಕೊಂಡದ್ದರ ನಾಲ್ಕರಷ್ಟನ್ನು ಕಳೆದುಕೊಂಡವರಿಗೂ ಕೊಡುವುದಾಗಿ ಹೇಳಿದ. ತಪ್ಪನ್ನು ತಾನಾಗಿ ಒಪ್ಪಿಕೊಂಡವನು ಅಸಲಿನ ಜೊತೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿತ್ತು. ನಿಯಮ ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚನ್ನು ಕೃಪೆ ಅವನಿಂದ ಹೊರಡಿಸಿತು. ಈ ಮನೆಗೆ ಇಂದು ರಕ್ಷಣೆಯಾಯಿತು ಎಂಬ ಅರ್ಥದ ಮಾತನ್ನು ಯೇಸು ನುಡಿದದ್ದು ಆ ಗಳಿಗೆಯಲ್ಲಿ. ಅವನ ಕೊಡುಗೆ ರಕ್ಷಣೆಯನ್ನು ಕೊಳ್ಳಲಿಲ್ಲ, ರಕ್ಷಣೆ ಆ ಮನೆಯಲ್ಲಿ ತಾಳಿದ ರೂಪವೇ ಅದು. ಬಲಿಪೀಠದ ಬಳಿ ಕಾಣಿಕೆ ಬಿಟ್ಟು ಮೊದಲು ನೊಂದ ಸಹೋದರನ ಬಳಿಗೆ ಹೋಗು ಎಂಬ ಪರ್ವತ ಪ್ರಸಂಗದ ಬೋಧನೆಯೂ ಇದಕ್ಕೆ ಹೊಂದುತ್ತದೆ. ಆದ್ದರಿಂದ ಉಪದೇಶಪೀಠದಿಂದ ಕೃಪೆಯನ್ನು ಸಾರುವವರು ಅದನ್ನು ಪೂರ್ತಿಯಾಗಿ ಸಾರಬೇಕು: ಬರುವವನಿಗೆ ಯಾವ ಷರತ್ತೂ ಇಲ್ಲ ಎಂಬುದನ್ನೂ, ಬಂದವನು ಇದ್ದ ಹಾಗೆಯೇ ಉಳಿಯಲು ಅದು ಬಿಡುವುದಿಲ್ಲ ಎಂಬುದನ್ನೂ ಒಟ್ಟಿಗೆ. ಕೃಪೆ ಹೊಂದಿದ್ದೇನೆ ಎನ್ನುವ ಪ್ರತಿಯೊಬ್ಬನೂ ದೇವರು ನನ್ನನ್ನು ಕ್ಷಮಿಸಿದನೇ ಎಂದು ಕೇಳಿಕೊಳ್ಳುವಲ್ಲಿಗೆ ನಿಲ್ಲದೆ, ನಾನು ಕಿತ್ತುಕೊಂಡದ್ದು ಯಾರದು, ಅದನ್ನು ಹಿಂದಿರುಗಿಸಿದ್ದೇನೆಯೇ, ನಾನು ದೂರ ಇಟ್ಟವರ ಪಕ್ಕದಲ್ಲಿ ಇಂದು ಕೂರುತ್ತಿದ್ದೇನೆಯೇ ಎಂದೂ ಕೇಳಿಕೊಳ್ಳಬೇಕು. ಈ ಪ್ರಶ್ನೆಗಳು ಕೃಪೆಯ ಮೇಲೆ ಹೇರಿದ ಹೊರೆಯಲ್ಲ. ಕ್ಷಮೆ ಪಡೆದವನಿಗೆ ಮಾತ್ರ ಇವನ್ನು ಹೆದರದೆ ಎದುರಿಸುವ ಧೈರ್ಯ ಇರುತ್ತದೆ, ಆ ಧೈರ್ಯವನ್ನು ಕೊಡುವುದೇ ಕೃಪೆ.